ಒಂದೇ ಬಳ್ಳಿ, ಎರಡು ಸಾಕ್ಷಿ: ಅಮೃತಬಳ್ಳಿಯ ಗುಣ ಮತ್ತು ಅಪಾಯವನ್ನು ಅಳೆಯುವ ಬಗ್ಗೆ

ಧ್ವನಿ ಕೇಳಸ್ತದ ಅಂತ ಅಂದ್ಕೋತೀನಿ. ಹಿಂದ ಮಗ್ಗದ ಸಪ್ಪಳ ಬಂದ್ರ ಮಾಫ್ ಮಾಡ್ರಿ. ನಮ್ಮ ಮನಿ ಸೋಲಾಪುರದ ಅಕ್ಕಲಕೋಟ ರಸ್ತೆ ಎಂಐಡಿಸಿಯ ಬೆನ್ನಿಗೇ ಅದ. ಟವೆಲ್ ಕಾರ್ಖಾನೆಗಳ ಎರಡನೇ ಪಾಳಿ ಈಗ ನಡದದ, ಕಿಟಕಿ ಮುಚ್ಚಿದ್ರೂ ಅದು ಒಳಗ ಬರ್ತದ.

ನನಗೆ ಕೊಟ್ಟ ವಿಷಯ ಗಿಡಮೂಲಿಕೆ ಔಷಧಗಳ ಸುರಕ್ಷತೆ ಮತ್ತು ಪರಿಣಾಮಕಾರಿತ್ವ. ಇಷ್ಟು ದೊಡ್ಡ ವಿಷಯವನ್ನು ನಲವತ್ತು ನಿಮಿಷದಲ್ಲಿ ಹೇಳಲು ಹೋದರೆ ಎಲ್ಲದರ ಮೇಲೂ ಕೈಯಾಡಿಸಿ ಯಾವುದನ್ನೂ ಹಿಡಿಯದಂತಾಗುತ್ತದೆ. ಹಾಗಾಗಿ ಒಂದೇ ಗಿಡವನ್ನು ಹಿಡಿದುಕೊಂಡಿದ್ದೇನೆ. ನಾವು ಅಮೃತಬಳ್ಳಿ ಅನ್ನುತ್ತೇವೆ, ಪೇಟೆಯಲ್ಲಿ ಮರಾಠಿಯವರು ಗುಳವೇಲ ಅನ್ನುತ್ತಾರೆ, ಮಗ್ಗದ ಪದ್ಮಶಾಲಿ ಮನೆಗಳಲ್ಲಿ ತಿಪ್ಪತೀಗೆ, ಟಿವಿಯಲ್ಲಿ ಗಿಲೋಯ್, ಸಂಸ್ಕೃತದಲ್ಲಿ ಗುಡೂಚಿ. ಸಸ್ಯಶಾಸ್ತ್ರದ ಹೆಸರು ಟೈನೋಸ್ಪೋರಾ ಕಾರ್ಡಿಫೋಲಿಯಾ. ಹೃದಯದ ಆಕಾರದ ಎಲೆ, ದಾರದಂತೆ ಜೋತುಬೀಳುವ ಬೇರು. ಬೇವಿನ ಮರದ ಮೇಲೆ ಹಬ್ಬಿದ್ದು ಶ್ರೇಷ್ಠ ಎಂಬ ನಂಬಿಕೆ ನಮ್ಮ ಕಡೆ ಇದೆ, ಬೇವಿಗಂತೂ ಇಲ್ಲಿ ಬರವಿಲ್ಲ.

ಈ ಗಿಡವನ್ನೇ ಆರಿಸಲು ಒಂದು ಕಾರಣ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. 2020ರ ದೀಪಾವಳಿ ಹೊತ್ತಿಗೆ ನಮ್ಮ ಓಣಿಯಲ್ಲಿ ಕಾಢಾ ಕುಡಿಯದ ಮನೆ ಇರಲಿಲ್ಲ. ಪಾಳಿ ಶುರುವಾಗುವ ಮುಂಚೆ ಕಾರ್ಖಾನೆ ಗೇಟಿನಲ್ಲೇ ಸ್ಟೀಲ್ ಲೋಟದಲ್ಲಿ ಕೊಡುತ್ತಿದ್ದರು. ನಾನು ಔಷಧಶಾಸ್ತ್ರದ ವಿದ್ಯಾರ್ಥಿನಿ, ಅಂದಮೇಲೆ ಮನೆಯಲ್ಲಿ ಕಾಢಾದ ಜವಾಬ್ದಾರಿ ನನ್ನದೇ. ನವೆಂಬರ್ ಮಧ್ಯದಿಂದ ದಿನಾ ಬೆಳಿಗ್ಗೆ ಬಳ್ಳಿ ಜಜ್ಜಿ ಕುದಿಸಿ ಎಲ್ಲರಿಗೂ ಕೊಟ್ಟೆ. ಜನವರಿಯಲ್ಲಿ ನಮ್ಮ ಚಿಗವ್ವನ ಕಣ್ಣು ಹಳದಿಯಾದವು. ಓಣಿಯವರು ನೋಡಿ, "ಕಾಮಣಿ ಆಗೇದ, ಅಮೃತಬಳ್ಳಿ ಇನ್ನಷ್ಟು ಕುಡಸ್ರಿ, ಅದಕ್ಕ ಅದೇ ಔಷಧ" ಅಂದರು. ಅವರು ಹೇಳಿದ್ದು ತಪ್ಪಲ್ಲ. ಕಾಮಾಲೆಗೆ ಗುಡೂಚಿ ಕೊಡುವುದು ಹಳೆಯ ಗ್ರಂಥಗಳಲ್ಲೇ ಇದೆ. ನಾನು ಮತ್ತೆ ನಾಲ್ಕು ದಿನ ಕುಡಿಸಿದೆ.

ಆ ನಾಲ್ಕು ದಿನದ ಲೆಕ್ಕ ನನಗೆ ಇನ್ನೂ ಹತ್ತಿಲ್ಲ. ಅದಕ್ಕೇ ಸಂಶೋಧನಾ ಲೇಖನಗಳನ್ನು ಹುಡುಕಿ ಓದಲು ಶುರು ಮಾಡಿದೆ.

ಮೊದಲು ಗಿಡದ ಪರವಾಗಿರುವ ಸಾಕ್ಷಿ, ಯಾಕಂದ್ರ ಅದು ದುರ್ಬಲವಾದದ್ದಲ್ಲ. ಮುಂಬೈನ ಪರೇಲಿನಲ್ಲಿರುವ ಕೆಇಎಂ ಆಸ್ಪತ್ರೆಯಲ್ಲಿ ಡಾ. ಶರದಿನಿ ಡಹಾಣೂಕರ್ ಮತ್ತು ಅವರ ಸಹೋದ್ಯೋಗಿಗಳು ಈ ಬಳ್ಳಿಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಪಿತ್ತನಾಳ ಮುಚ್ಚಿಕೊಂಡು ಕಾಮಾಲೆಯಾದವರಿಗೆ ಶಸ್ತ್ರಚಿಕಿತ್ಸೆಗೆ ಮುಂಚೆ ಪಿತ್ತವನ್ನು ಹೊರಗೆ ಹರಿಸುತ್ತಾರೆ. ಆ ಅವಧಿಯಲ್ಲಿ ರೋಗಿಯ ಪ್ರತಿರೋಧ ಶಕ್ತಿ ಕುಸಿದಿರುತ್ತದೆ, ಸೋಂಕು ರಕ್ತಕ್ಕೆ ಇಳಿದು ಜೀವ ಹೋಗುವುದೂ ಉಂಟು. ಡಾ. ನಿರ್ಮಲಾ ರೇಗೆ ಮತ್ತಿತರರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ 30 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಎರಡಕ್ಕೂ ಮಾಮೂಲಿ ಚಿಕಿತ್ಸೆ, ಒಂದಕ್ಕೆ ಅದರ ಜೊತೆ ಅಮೃತಬಳ್ಳಿಯ ಸಾರ. ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಕ್ಕೆ ಸೋಂಕು ತಗುಲಿತು. ಬಳ್ಳಿ ಕೊಟ್ಟ ಗುಂಪಿನಲ್ಲಿ ಒಬ್ಬರಿಗೂ ಆಗಲಿಲ್ಲ.

30 ಜನ ಅಂದರೆ ಬಹಳ ಸಣ್ಣ ಸಂಖ್ಯೆ. ಆದರೂ ಇದು ತಳ್ಳಿಹಾಕುವಂಥದ್ದಲ್ಲ. ಇಲ್ಲಿ ಒಂದು ಮಾತು ಗಮನಿಸಬೇಕು. ಅವರು ಬಳ್ಳಿಯನ್ನು "ಯಕೃತ್ತಿನ ಟಾನಿಕ್" ಎಂದು ಕೊಡಲಿಲ್ಲ. ಕುಸಿದ ಪ್ರತಿರೋಧ ಶಕ್ತಿಯನ್ನು ಎಬ್ಬಿಸಲು ಕೊಟ್ಟರು. ಅದು ಎಬ್ಬಿಸುತ್ತದೆ ಎನ್ನುವುದಕ್ಕೆ ಪ್ರಯೋಗಾಲಯದ ಆಧಾರವೂ ಇದೆ. ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದವರು 1999ರಲ್ಲಿ ಈ ಬಳ್ಳಿಯ ಕಾಂಡದಿಂದ ಅರಾಬಿನೊಗ್ಯಾಲಕ್ಟನ್ ಎಂಬ ಸಕ್ಕರೆ ಜಾತಿಯ ದೊಡ್ಡ ಅಣುವನ್ನು ಬೇರ್ಪಡಿಸಿ, ಅದು ಪ್ರತಿರೋಧಕ ಕೋಶಗಳನ್ನು ಚುರುಕುಗೊಳಿಸುವುದನ್ನು ತೋರಿಸಿದರು. ಅಂದ್ರ ಜಾಹೀರಾತಿನಲ್ಲಿ ಹೇಳುವ "ಇಮ್ಯೂನಿಟಿ ಬೂಸ್ಟರ್" ಪೂರ್ತಿ ಸುಳ್ಳಲ್ಲ. ತೊಂದರೆ ಇರುವುದೂ ಅಲ್ಲೇ. ಪ್ರತಿರೋಧ ಶಕ್ತಿ ಕುಸಿದವರಲ್ಲಿ ಅದನ್ನು ಎಬ್ಬಿಸುವುದು ಉಪಕಾರ. ತನ್ನ ದೇಹವನ್ನೇ ಶತ್ರು ಅಂತ ತಿಳಿದು ಈಗಾಗಲೇ ಎದ್ದು ಕೂತ ಪ್ರತಿರೋಧ ಶಕ್ತಿಯನ್ನು ಮತ್ತಷ್ಟು ಎಬ್ಬಿಸಿದರೆ? ನಮ್ಮ ಚಿಗವ್ವ ಎಷ್ಟೋ ವರ್ಷದಿಂದ ಥೈರಾಯ್ಡ್ ಗುಳಿಗಿ ತಗೋತಾರ. ಥೈರಾಯ್ಡ್ ಕಡಿಮೆಯಾಗುವುದಕ್ಕೆ ಬಹಳ ಸಲ ಸ್ವಪ್ರತಿರೋಧವೇ ಕಾರಣ. ಇದು ನನಗೆ ಪಠ್ಯದಲ್ಲಿ ಗೊತ್ತಿತ್ತು, ಒಲೆಯ ಮುಂದೆ ನೆನಪಾಗಲಿಲ್ಲ.

ಈಗ ಎರಡನೇ ಸಾಕ್ಷಿ, ಅದೂ ಮುಂಬೈನದ್ದೇ. 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್ ನಡುವೆ ಅಮೃತಬಳ್ಳಿ ಸೇವಿಸಿ ಯಕೃತ್ತಿನ ಉರಿಯೂತದಿಂದ ಬಂದ ಆರು ರೋಗಿಗಳ ವಿವರವನ್ನು ಡಾ. ಆಭಾ ನಾಗ್ರಾಲ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದರು. ಬಳ್ಳಿಯು ಸ್ವಪ್ರತಿರೋಧದಂಥ ಯಕೃತ್ತಿನ ಉರಿಯೂತವನ್ನು ಹುಟ್ಟಿಸುತ್ತಿರಬಹುದು, ಇಲ್ಲವೇ ಮೊದಲೇ ಒಳಗೆ ಅಡಗಿದ್ದ ಅಂಥ ಕಾಯಿಲೆಯನ್ನು ಹೊರಗೆ ತರುತ್ತಿರಬಹುದು ಎಂಬುದು ಅವರ ತೀರ್ಮಾನ. ಆಯುಷ್ ಸಚಿವಾಲಯ ಅದೇ ಜುಲೈನಲ್ಲಿ ಆಕ್ಷೇಪ ಎತ್ತಿತು. ರೋಗಿಗಳು ಕುಡಿದದ್ದು ಯಾವ ಗಿಡ ಎಂದು ಸರಿಯಾಗಿ ಗುರುತಿಸಿಲ್ಲ, ನೋಡಲು ಹಾಗೇ ಇರುವ ಟೈನೋಸ್ಪೋರಾ ಕ್ರಿಸ್ಪಾ ಆಗಿರಬಹುದು ಎಂದಿತು.

ಈ ಆಕ್ಷೇಪದ ಬಗ್ಗೆ ನನ್ನ ಅಭಿಪ್ರಾಯ ಎರಡು ಕಡೆಯವರಿಗೂ ಪೂರ್ತಿ ಹಿಡಿಸಲಿಕ್ಕಿಲ್ಲ. ಪ್ರಶ್ನೆಯಾಗಿ ಅದು ನೂರಕ್ಕೆ ನೂರು ಸರಿ. ಗಿಡಮೂಲಿಕೆ ಸಂಶೋಧನೆಯಲ್ಲಿ ಮೊದಲ ಕೆಲಸವೇ ಗಿಡದ ಗುರುತು: ಯಾವ ಜಾತಿ, ಯಾವ ಭಾಗ, ಎಲ್ಲಿಂದ ತಂದದ್ದು, ಹಾಳೆಗೆ ಅಂಟಿಸಿ ಇಟ್ಟ ಮಾದರಿ ಎಲ್ಲಿದೆ. ಇದಿಲ್ಲದ ಲೇಖನವನ್ನು ನಾವು ಪರೀಕ್ಷೆಯಲ್ಲಿ ಬರೆದರೆ ಅಂಕ ಕಳೆಯುತ್ತಾರೆ. ಕ್ರಿಸ್ಪಾದ ಕಾಂಡದ ಮೇಲೆ ಗಂಟುಗಂಟಾದ ಉಬ್ಬುಗಳಿರುತ್ತವೆ, ಅದರಿಂದ ಯಕೃತ್ತಿಗೆ ಹಾನಿಯಾದ ವರದಿಗಳು ಮೊದಲಿಂದಲೂ ಇವೆ. ಆದರೆ ಅದನ್ನೇ ಉತ್ತರ ಅಂತ ಒಪ್ಪಿಕೊಳ್ಳುವುದು ಹೇಗೆ? ಜನರಿಗೆ "ಬಳ್ಳಿ ಕಿತ್ತು ಕುದಿಸಿ ಕುಡಿಯಿರಿ" ಎಂಬ ಮಾತು ಮುಟ್ಟಿದೆ, "ಇದನ್ನು ಬಿಟ್ಟು ಅದನ್ನು ಕೀಳಬೇಡಿ" ಎಂಬುದು ಮುಟ್ಟಿಲ್ಲ ಅಂದಮೇಲೆ, ತಪ್ಪು ಬಳ್ಳಿಯಿಂದಾದ ಹಾನಿಯೂ ಆ ಸಲಹೆಯ ಹಾನಿಯೇ.

ಮರುವರ್ಷ, 2022ರಲ್ಲಿ, ದೇಶದ 13 ಕೇಂದ್ರಗಳ ವೈದ್ಯರು ಸೇರಿ 43 ರೋಗಿಗಳ ವರದಿ ಪ್ರಕಟಿಸಿದರು. ಈ ಸಲ ಸಿಕ್ಕ ಮಾದರಿಗಳ ರಾಸಾಯನಿಕ ವಿಶ್ಲೇಷಣೆಯನ್ನೂ ಮಾಡಿಸಿದ್ದರು. ಅರ್ಧಕ್ಕಿಂತ ಹೆಚ್ಚು ಹೆಂಗಸರು. ಬಳ್ಳಿ ಶುರು ಮಾಡಿದ ದಿನದಿಂದ ಲಕ್ಷಣ ಕಾಣುವವರೆಗೆ ಮಧ್ಯಮ ಅವಧಿ 46 ದಿನ. ಮೊದಲೇ ದೀರ್ಘಕಾಲದ ಯಕೃತ್ತಿನ ಕಾಯಿಲೆ ಇದ್ದು ಅದು ಒಮ್ಮೆಲೇ ಉಲ್ಬಣಿಸಿದವರೇ ಹೆಚ್ಚು. ಈ 46ರ ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಇಟ್ಟು ನೋಡಿ. 2020ರ ಅಕ್ಟೋಬರ್‌ನಲ್ಲಿ ಬಂದ ಕೇಂದ್ರದ ಆಯುರ್ವೇದ ಚಿಕಿತ್ಸಾ ಸೂಚಿಯಲ್ಲಿ ಗುಡೂಚಿ ಘನವಟಿ 500 ಮಿಲಿಗ್ರಾಂ ದಿನಕ್ಕೆ ಎರಡು ಸಲ, 15 ದಿನ ಅಥವಾ ಒಂದು ತಿಂಗಳು, ಅಥವಾ ವೈದ್ಯರು ಹೇಳಿದಷ್ಟು ಎಂದಿತ್ತು. ಓಣಿಗೆ ಬರುವಷ್ಟರಲ್ಲಿ ಅದರಿಂದ ಪ್ರಮಾಣವೂ ಉದುರಿತ್ತು, ಅವಧಿಯೂ ಉದುರಿತ್ತು, ಗಿಡದ ಹೆಸರು ಮಾತ್ರ ಉಳಿದಿತ್ತು.

ಹಾಗಾದರೆ 2020ಕ್ಕಿಂತ ಮೊದಲು ಯಾರಿಗೂ ಸುಳಿವು ಸಿಕ್ಕಿರಲಿಲ್ಲವಾ? ಸಿಕ್ಕಿತ್ತು, ಅದೂ ಆಯುರ್ವೇದದ ಬಗ್ಗೆ ಗೌರವ ಇಟ್ಟು ಮಾಡಿದ ಸಂಶೋಧನೆಯಲ್ಲೇ. ಪುಣೆಯ ಸಂಧಿವಾತ ತಜ್ಞ ಡಾ. ಅರವಿಂದ ಚೋಪ್ರಾ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಮೊಣಕಾಲು ನೋವಿನ ಪ್ರಯೋಗ ನಮ್ಮ ಕ್ಷೇತ್ರದ ಒಳ್ಳೆಯ ಕೆಲಸಗಳಲ್ಲಿ ಒಂದು. 440 ರೋಗಿಗಳು, ನಾಲ್ಕು ಗುಂಪು, 24 ವಾರ. ಎರಡು ಗುಂಪಿಗೆ ಅಮೃತಬಳ್ಳಿ, ಶುಂಠಿ, ನೆಲ್ಲಿ, ಶಲ್ಲಕಿ ಮುಂತಾದವುಗಳ ಸಾರದಿಂದ ಮಾಡಿದ ಆಯುರ್ವೇದ ಮಿಶ್ರಣಗಳು, ಒಂದಕ್ಕೆ ಗ್ಲುಕೋಸಮೈನ್, ಒಂದಕ್ಕೆ ಸೆಲಿಕಾಕ್ಸಿಬ್. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ಫಲಿತಾಂಶ ಏನಂದ್ರ, ನೋವು ಮತ್ತು ನಡಿಗೆಯ ಸುಧಾರಣೆಯಲ್ಲಿ ಆಯುರ್ವೇದ ಮಿಶ್ರಣಗಳು ಆ ಎರಡು ಔಷಧಗಳಿಗೆ ಸಮ. ಆಯುರ್ವೇದವನ್ನು ಪ್ರಯೋಗಕ್ಕೆ ಒಡ್ಡಲು ಬರುವುದಿಲ್ಲ ಅನ್ನುವವರಿಗೆ ನಾನು ಈ ಲೇಖನ ತೋರಿಸುತ್ತೇನೆ.

ಅದೇ ಲೇಖನದ ಸಾರಾಂಶದಲ್ಲಿ ಇನ್ನೊಂದು ಸಾಲಿದೆ. ಆಯುರ್ವೇದದ ಒಂದು ಗುಂಪಿನಲ್ಲಿ ಏಳು, ಇನ್ನೊಂದರಲ್ಲಿ ನಾಲ್ಕು ರೋಗಿಗಳಿಗೆ ಯಕೃತ್ತಿನ ಎಸ್‌ಜಿಪಿಟಿ ಏರಿತ್ತು. ಯಾವ ಲಕ್ಷಣವೂ ಇರಲಿಲ್ಲ, ಔಷಧ ನಿಲ್ಲಿಸಿದ ಮೇಲೆ ಇಳಿಯಿತು. ಇದು ನಿರೀಕ್ಷಿಸದ ಸಂಗತಿ, ಸುರಕ್ಷತೆಯನ್ನು ಮತ್ತೆ ಪರೀಕ್ಷಿಸಬೇಕು ಎಂದು ಅವರೇ ಬರೆದರು. ಗುಂಪಿಗೆ ಸುಮಾರು 110 ಮಂದಿ ಎಂದು ಹಿಡಿದರೆ 220ರಲ್ಲಿ 11, ಅಂದರೆ ಶೇಕಡಾ 5ರ ಆಸುಪಾಸು. ಮಿಶ್ರಣವಾದ್ದರಿಂದ ದೋಷವನ್ನು ಅಮೃತಬಳ್ಳಿಯ ತಲೆಗೇ ಕಟ್ಟಲು ಬರುವುದಿಲ್ಲ. ಆದರೆ ಆ ಹನ್ನೊಂದು ಮಂದಿ ಸಿಕ್ಕಿದ್ದು ಹೇಗೆ ಅಂತ ನೋಡ್ರಿ. ಅವರಿಗೆ ಏನೂ ಆಗುತ್ತಿರಲಿಲ್ಲ, ಯಾರೂ ದೂರು ಹೇಳಿರಲಿಲ್ಲ. ರಕ್ತ ತೆಗೆದು ನೋಡಿದ್ದಕ್ಕೆ ಸಿಕ್ಕರು. "ನಮ್ಮಜ್ಜಿ ಜೀವಮಾನ ಪೂರ್ತಿ ಕುಡಿದಳು, ಏನೂ ಆಗಲಿಲ್ಲ" ಅನ್ನುವಾಗ ನಾವು ಅಜ್ಜಿಯ ಎಸ್‌ಜಿಪಿಟಿ ನೋಡಿರುವುದಿಲ್ಲ.

ಇಲ್ಲಿ ಒಂದು ಸಣ್ಣ ಲೆಕ್ಕ. ಸಂಖ್ಯಾಶಾಸ್ತ್ರದಲ್ಲಿ ಮೂರರ ನಿಯಮ ಅಂತ ಇದೆ. n ಜನರಿಗೆ ಔಷಧ ಕೊಟ್ಟು ಒಂದೂ ಹಾನಿ ಕಾಣಲಿಲ್ಲ ಅಂದರೆ, ನಿಜವಾದ ಹಾನಿಯ ಪ್ರಮಾಣ ಸುಮಾರು 3/n ವರೆಗೆ ಇರಬಹುದು ಎಂದು ಶೇಕಡಾ 95 ಭರವಸೆಯಲ್ಲಿ ಹೇಳಬಹುದು, ಅದಕ್ಕಿಂತ ಕಡಿಮೆ ಎಂದು ಹೇಳಲಾಗುವುದಿಲ್ಲ. ಕೆಇಎಂ ಅಧ್ಯಯನದಲ್ಲಿ ಬಳ್ಳಿ ಪಡೆದವರು ಹದಿನೈದರ ಆಸುಪಾಸು. ಅಂದರೆ ಐದರಲ್ಲಿ ಒಬ್ಬರಿಗೆ ಆಗುವ ಹಾನಿಯೂ ಅಲ್ಲಿ ಕಣ್ಣು ತಪ್ಪಿಸಿಕೊಳ್ಳಬಹುದಿತ್ತು. ಹತ್ತು ಸಾವಿರಕ್ಕೊಬ್ಬರಿಗೆ ಆಗುವ ಹಾನಿಯನ್ನು ಒಮ್ಮೆಯಾದರೂ ಕಾಣಬೇಕಾದರೆ 30,000 ಜನರನ್ನು ನೋಡಬೇಕು. ಗಿಡಮೂಲಿಕೆಯ ಪ್ರಯೋಗಕ್ಕೆ ಅಷ್ಟು ದುಡ್ಡು ಯಾರೂ ಹಾಕುವುದಿಲ್ಲ. ಆದರೆ ಒಂದು ಕೋಟಿ ಜನ ಒಟ್ಟಿಗೆ ಕುಡಿಯತೊಡಗಿದರೆ ಅದೇ ಹಾನಿ ಸಾವಿರ ಜನರದ್ದಾಗುತ್ತದೆ. ಪರಿಣಾಮ ಇದೆಯೋ ಇಲ್ಲವೋ ಎಂಬುದನ್ನು ಸಣ್ಣ ಪ್ರಯೋಗದಲ್ಲೂ ನೋಡಬಹುದು, ಅಪರೂಪದ ಅಪಾಯ ಮಾತ್ರ ಬಳಕೆಗೆ ಬಂದ ಮೇಲೆಯೇ ಗೊತ್ತಾಗುವಂಥದ್ದು.

ಹಾಗೆ ಗೊತ್ತಾಗಬೇಕಾದರೆ ಯಾರಾದರೂ ಬರೆದುಕೊಳ್ಳಬೇಕು. 2010ರಲ್ಲಿ ಬಂದ 158ಬಿ ನಿಯಮದ ಪ್ರಕಾರ, ಶಾಸ್ತ್ರೀಯ ಗ್ರಂಥದಲ್ಲಿರುವ ಯೋಗವನ್ನು ಅದೇ ಕಾಯಿಲೆಗೆ ತಯಾರಿಸುವವರು ಹೊಸದಾಗಿ ಸುರಕ್ಷತೆಯ ಅಧ್ಯಯನ ಮಾಡಬೇಕಿಲ್ಲ. ಬೇವಿನ ಮರದಿಂದ ಕಿತ್ತ ಬಳ್ಳಿಗಂತೂ ಯಾವ ನಿಯಮವೂ ಇಲ್ಲ. ಉಳಿದದ್ದು ದುಷ್ಪರಿಣಾಮದ ವರದಿ. ಅಲೋಪತಿಯದ್ದು ಗಾಜಿಯಾಬಾದಿನ ಕೇಂದ್ರಕ್ಕೆ ಹೋಗುತ್ತದೆ, ಆಯುರ್ವೇದದ್ದು ದೆಹಲಿಯ ಅಖಿಲ ಭಾರತ ಆಯುರ್ವೇದ ಸಂಸ್ಥೆಯ ಕಡೆಗೆ. ಬಳ್ಳಿ ಬರೆದುಕೊಟ್ಟ ವೈದ್ಯರ ಬಳಿ ಕಣ್ಣು ಹಳದಿಯಾದವರು ವಾಪಸ್ ಹೋಗುವುದಿಲ್ಲ, ಅವರು ಹೋಗುವುದು ದವಾಖಾನೆಗೆ. ದವಾಖಾನೆಯವರಿಗೆ ಬಳ್ಳಿಯ ವಿಷಯವೇ ಗೊತ್ತಾಗುವುದಿಲ್ಲ.

ಯಾಕೆ ಗೊತ್ತಾಗುವುದಿಲ್ಲ ಎಂಬುದನ್ನು ನಾನು ಕಣ್ಣಾರೆ ಕಂಡೆ. ಡಾಕ್ಟರು ಮರಾಠಿಯಲ್ಲಿ, ಬೇರೆ ಯಾವ ಔಷಧ ತಗೋತೀರಿ ಅಂತ ಕೇಳಿದರು. ಚಿಗವ್ವ ಥೈರಾಯ್ಡ್ ಗುಳಿಗಿ ಅಷ್ಟೇ ಅಂದರು. ಸುಳ್ಳು ಹೇಳಲಿಲ್ಲ. ಅವರ ಲೆಕ್ಕದಲ್ಲಿ ಕಾಢಾ ಔಷಧವೇ ಅಲ್ಲ, ಅದು ಚಹಾದ ತಂಗಿ. ನಾನು ಪಕ್ಕದಲ್ಲೇ ಕೂತಿದ್ದೆ. ಹೇಳಿದ್ದು ಮೂರನೇ ಸಲ ಹೋದಾಗ.

ಆಮೇಲೆ ರುಕಾಮ್ ಎಂಬ ಅಂಕಪದ್ಧತಿ ಕಲಿತು ಚಿಗವ್ವನ ಕಾಗದಗಳನ್ನು ಮುಂದಿಟ್ಟುಕೊಂಡು ಕೂತೆ. ಯಕೃತ್ತಿನ ಹಾನಿಗೆ ಒಂದು ಔಷಧ ಎಷ್ಟರಮಟ್ಟಿಗೆ ಕಾರಣ ಎಂದು ಅಳೆಯುವ ಈ ಪದ್ಧತಿ ಬಂದದ್ದು 1993ರಲ್ಲಿ, ಪರಿಷ್ಕರಿಸಿದ್ದು 2016ರಲ್ಲಿ. ಎಸ್‌ಜಿಪಿಟಿ 780 ಇತ್ತು, ಆಲ್ಕಲೈನ್ ಫಾಸ್ಫಟೇಸ್ ಬಹಳ ಏರಿರಲಿಲ್ಲ, ಅಂದರೆ ಹಾನಿ ಯಕೃತ್ತಿನ ಕೋಶಗಳದ್ದು. ಬಳ್ಳಿ ಶುರು ಮಾಡಿ ಸುಮಾರು 60 ದಿನಕ್ಕೆ ಲಕ್ಷಣ. 5ರಿಂದ 90 ದಿನದ ಒಳಗಾದ್ದರಿಂದ 2 ಅಂಕ. ನಿಲ್ಲಿಸಿದ 24ನೇ ದಿನಕ್ಕೆ 310ಕ್ಕೆ ಇಳಿದಿತ್ತು. ತಿಂಗಳೊಳಗೆ ಅರ್ಧಕ್ಕಿಂತ ಹೆಚ್ಚು ಇಳಿದರೆ ಮತ್ತೆ 2. ವಯಸ್ಸು 47, 55 ದಾಟಿಲ್ಲ, 0. ಮದ್ಯ ಇಲ್ಲ, 0. ಥೈರಾಯ್ಡ್ ಗುಳಿಗೆ ವರ್ಷಗಳಿಂದ ಇದೆ, ಕಾಲ ಹೊಂದುವುದಿಲ್ಲ, 0. ಬೇರೆ ಕಾರಣಗಳ ಪಟ್ಟಿಯಲ್ಲಿ ಮೊದಲ ಏಳನ್ನೂ ತಳ್ಳಿಹಾಕಿದ್ದರೆ 1 ಅಂಕ. ಹೆಪಟೈಟಿಸ್ ಎ, ಬಿ, ಸಿ ಇಲ್ಲ. ಸೋನೋಗ್ರಫಿ ಸರಿ ಇತ್ತು. ಮದ್ಯದ ಹಾನಿ ಇಲ್ಲ, ರಕ್ತದೊತ್ತಡ ಕುಸಿದಿರಲಿಲ್ಲ. ಆರಾಯಿತು. ಏಳನೆಯದು ಹೆಪಟೈಟಿಸ್ ಇ, ನೀರಿನಿಂದ ಹರಡುವಂಥದ್ದು. ಅದರ ಪರೀಕ್ಷೆ ಮಾಡಿಸಿರಲಿಲ್ಲ. ಹಾಗಾಗಿ 0. ಗಿಡದ ಹಾನಿಯ ಬಗ್ಗೆ ಮೊದಲೇ ವರದಿ ಪ್ರಕಟವಾಗಿದ್ದರೆ 1.

ಒಟ್ಟು 5. ಮೂರರಿಂದ ಐದು ಅಂದರೆ "ಸಾಧ್ಯ". ಆರರಿಂದ "ಬಹುಮಟ್ಟಿಗೆ ಹೌದು".

ಆ ಕೊನೆಯ ಒಂದು ಅಂಕ ಬಂದದ್ದು ಮುಂಬೈನ ಲೇಖನ ಪ್ರಕಟವಾದ ಮೇಲೆ. ಅವರು ಬರೆಯದೇ ಇದ್ದಿದ್ದರೆ ಚಿಗವ್ವನದು 4. ಹೆಪಟೈಟಿಸ್ ಇ ಪರೀಕ್ಷೆ ಮಾಡಿಸಿ ಇಲ್ಲವೆಂದು ಬಂದಿದ್ದರೆ 6. ಒಂದು ರಕ್ತಪರೀಕ್ಷೆಯ ಕೊರತೆಯಿಂದ ಈ ಪ್ರಕರಣ ಆ ಕಡೆಗೂ ಸಲ್ಲದೆ ಈ ಕಡೆಗೂ ಸಲ್ಲದೆ ಉಳಿಯಿತು. ಈಗ ಆ ಪರೀಕ್ಷೆ ಮಾಡಿಸಿ ಲಾಭವಿಲ್ಲ. ಇಷ್ಟು ವರ್ಷದ ಮೇಲೆ ಬಂದ ಉತ್ತರ ಅವತ್ತಿನ ಮಾತು ಹೇಳುವುದಿಲ್ಲ.

ಗಿಡದ ಗುರುತಿನ ವಿಷಯದಲ್ಲೂ ನನ್ನ ಕಥೆ ಸಚಿವಾಲಯದ ಆಕ್ಷೇಪಕ್ಕೆ ಸಿಕ್ಕಿಬೀಳುತ್ತದೆ. ಮನೆ ಮುಂದಿನ ಬೇವಿನ ಮೇಲಿನ ಬಳ್ಳಿಯನ್ನು ಮಾರ್ಚ್‌ನಲ್ಲಿ ಹಾಳೆಗೆ ಅಂಟಿಸಿ ನಮ್ಮ ಮೇಡಂಗೆ ತೋರಿಸಿದೆ. ಉಬ್ಬುಗಳಿಲ್ಲ, ಜೋತುಬಿದ್ದ ಬೇರಿದೆ, ಕಾರ್ಡಿಫೋಲಿಯಾನೇ ಅಂದರು. ಆದರೆ ನಾನು ಕುದಿಸಿದ್ದೆಲ್ಲ ಆ ಬಳ್ಳಿಯದ್ದಲ್ಲ. ಡಿಸೆಂಬರ್‌ನಲ್ಲಿ ಓಣಿಯವರೆಲ್ಲ ಕಿತ್ತು ಕಿತ್ತು ಬಳ್ಳಿ ಬೋಳಾಗಿತ್ತು. ಆಗ ಸಂತೆಯಿಂದ ಹತ್ತು ರೂಪಾಯಿಗೊಂದು ಕಟ್ಟು ತರುತ್ತಿದ್ದೆ. ಎಲೆ ಇಲ್ಲದ ಬರೀ ಕಾಂಡ. ಆ ಕಟ್ಟಿನಲ್ಲಿ ಏನಿತ್ತು ಎಂದು ಯಾವ ಹಾಳೆಯೂ ಹೇಳುವುದಿಲ್ಲ. ತೂಕವನ್ನೂ ಮಾಡಿರಲಿಲ್ಲ. ಆಯುರ್ವೇದದ ಅಧಿಕೃತ ಔಷಧಕೋಶದಲ್ಲಿ ಕಷಾಯಕ್ಕೆ 20ರಿಂದ 30 ಗ್ರಾಂ ಎಂದಿದೆ. ನನ್ನ ಅಳತೆ ಒಂದು ಗೇಣು.

ಪ್ರಶ್ನೆಗಳಿಗೆ ಹೋಗೋಣ. ಸರ್ ಒಬ್ಬರು ಕೇಳಿದ್ದಾರೆ: "ಹಾಗಾದರೆ ಈಗ ನೆರೆಮನೆಯವರು ಬಳ್ಳಿ ಕೇಳಿಕೊಂಡು ಬಂದರೆ ನೀವು ಏನು ಹೇಳ್ತೀರಿ?" ಬರ್ತಾರ ಸರ್, ಈಗಲೂ ಬರ್ತಾರ. ಬ್ಯಾಡ ಅಂತ ನಾನು ಹೇಳೂದಿಲ್ಲ, ಹೇಳಿದ್ರ ಸಂತಿಯಿಂದ ತರ್ತಾರ. ಥೈರಾಯ್ಡ್ ಅದೇನು, ಕೀಲುವಾತ ಅದೇನು, ಹಿಂದ ಯಾವಾಗರ ಕಾಮಣಿ ಆಗಿತ್ತೇನು ಅಂತ ಕೇಳ್ತೀನಿ. ಹೌದು ಅಂದ್ರ ಕೊಡೂದಿಲ್ಲ, ವೈದ್ಯರನ್ನ ಕೇಳ್ರಿ ಅಂತೀನಿ. ಇಲ್ಲಾ ಅಂದ್ರ ಎಷ್ಟು ದಿನ ಕುಡೀತೀರಿ ಅಂತ ಕೇಳಿ, ಶುರು ಮಾಡಿದ ತಾರೀಖು ಕ್ಯಾಲೆಂಡರಿನ ಮ್ಯಾಲೆ ಬರಸ್ತೀನಿ. ದವಾಖಾನಿಗೆ ಹೋದ್ರ ಆ ಕ್ಯಾಲೆಂಡರ್ ಹಾಳಿ ಹರ್ಕೊಂಡು ಒಯ್ರಿ ಅಂತ ಹೇಳ್ತೀನಿ.

ಇನ್ನೊಂದು ಪ್ರಶ್ನೆ ಚಾಟ್‌ನಲ್ಲಿದೆ, ಚಿಗವ್ವ ಈಗ ಹೇಗಿದ್ದಾರೆ ಅಂತ. ಆರಾಮ ಇದ್ದಾರ. ಏಪ್ರಿಲ್‌ನಲ್ಲಿ ಎಸ್‌ಜಿಪಿಟಿ 38ಕ್ಕೆ ಬಂತು. ಬಳ್ಳಿಯಿಂದ ಹಿಂಗಾತು ಅಂತ ಅವರು ಇವತ್ತಿಗೂ ಒಪ್ಪೂದಿಲ್ಲ. ಅದೇ ಹೊತ್ತಿಗೆ ಪೈಪಿನ ಕೆಲಸ ನಡೆದು ನೀರು ಕೆಟ್ಟಿತ್ತು, ಅದರಿಂದ ಆತು ಅಂತಾರ. ನನ್ನ ಹತ್ರ ಅವರಿಗೆ ತೋರಿಸಲಿಕ್ಕೆ ಇರೂದು ಐದು ಅಂಕ.